ಶುದ್ಧ ಮಸಿ

ಅಮ್ಮನ ಕೆಮ್ಮಿಗೆ ಒಂದು ವೇಳಾಪಟ್ಟಿ ಇದೆ. ಬೆಳಿಗ್ಗೆ ಒಲೆಗೆ ಬೆಂಕಿ ಹಾಕುವಾಗ ಒಂದು ಸುತ್ತು, ಕುಚ್ಚಲಕ್ಕಿ ಅನ್ನದ ಗಂಜಿ ಬಸಿಯುವಾಗ ಇನ್ನೊಂದು, ಸಂಜೆ ಬಚ್ಚಲೊಲೆಗೆ ತೆಂಗಿನ ಮಡಲು ತುರುಕುವಾಗ ಮೂರನೆಯದು. ಮೂರು ಸಲವೂ ನಾನು ಬೈಯುತ್ತೇನೆ. ಮೂರು ಸಲವೂ ಅಮ್ಮ ಕೈಯಲ್ಲಿದ್ದ ಸೌಟನ್ನೋ ಕೊಳ್ಳಿಯನ್ನೋ ಎತ್ತಿ ಅಡುಗೆಮನೆಯ ಗೋಡೆ ತೋರಿಸುತ್ತಾಳೆ.

ಒಲೆಯಿಂದ ಮೂರು ಮೊಳ ದೂರದ ಆ ಗೋಡೆಗೆ ಪತ್ರಿಕೆಯ ಒಂದು ತುಣುಕನ್ನು ಗಂಜಿಯಲ್ಲಿ ಅಂಟಿಸಿದ್ದಾಳೆ. 'ನಮ್ಮ ಒಲೆಯ ಹೊಗೆ ಅಷ್ಟೇನೂ ಹಾನಿಕರವಲ್ಲ: ಗುಲ್ವಾಡಿ ಉಪನ್ಯಾಸಕಿಯ ಶೋಧ.' ಕೆಳಗೆ ನನ್ನ ಫೋಟೊ. ವರ್ಷವೊಂದರ ಹೊಗೆ ಕುಡಿದು ಫೋಟೊದಲ್ಲಿ ನಾನು ಈಗ ಬೀಡಿ ಎಲೆಯ ಬಣ್ಣಕ್ಕೆ ಬಂದಿದ್ದೇನೆ.

"ನೀನೇ ಬರ್ದದ್ದ್ ಅಲ್ದಾ? ಮತ್ ನಂಗ್ ಬೈಯುದ್ ಎಂತಕೆ?" ಎನ್ನುತ್ತಾಳೆ ಅಮ್ಮ.

ಅಷ್ಟಕ್ಕೇ ನಿಂತಿಲ್ಲ. ಕುಂದಾಪುರದ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಮುಖ ಸಣ್ಣ ಮಾಡಿ, "ಒಲೆ ಬಿಡಿ ಅಮ್ಮ, ಗ್ಯಾಸಿನಲ್ಲೇ ಎಲ್ಲ ಮಾಡಿ" ಎಂದು ಮೂರು ಸಲ ಹೇಳಿದ್ದಾರೆ. ಮೂರನೆಯ ಸಲ ಅಮ್ಮ ಅವರಿಗೇ ಆ ತುಣುಕಿನ ಜೆರಾಕ್ಸ್ ಕೊಟ್ಟು ಬಂದಳು. ಹೊರಗೆ ಬೆಂಚಿನ ಮೇಲೆ ಕೂತಿದ್ದ ನಾನು ನೆಲ ಬಾಯಿಬಿಡಬಾರದೇ ಎಂದುಕೊಂಡೆ.

ನನ್ನ ಹೆಸರು ವಿನಯಾ. ಹೆಸರಿನಲ್ಲಿ ಮಾತ್ರ ವಿನಯ ಎಂದು ಸ್ಟಾಫ್ ರೂಮಿನಲ್ಲಿ ಹೇಳುತ್ತಾರೆ, ಹೇಳಲಿ. ವಯಸ್ಸು ಮೂವತ್ತೊಂಬತ್ತು. ಕುಂದಾಪುರದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ, ಸಂಜೆ ಬಸ್ಸಿನಲ್ಲಿ ಗುಲ್ವಾಡಿಗೆ ಬರುತ್ತೇನೆ, ಉಳಿದ ಹೊತ್ತಿನಲ್ಲಿ ಆರು ವರ್ಷಗಳಿಂದ ಮಸಿಯ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. "ಮಸಿ ಮೇಲೆ ಓದೂಕೆ ಎಂತ ಇತ್ತ್ ಮಾರಾಯ್ತಿ?" ಎಂದು ಕೇಳದವರಿಲ್ಲ. ಮೊದಮೊದಲು ವಿವರಿಸುತ್ತಿದ್ದೆ. ಈಗ "ಎಂತದೂ ಇಲ್ಲೆ" ಎಂದು ಹೇಳಿ ಮುಗಿಸುತ್ತೇನೆ.

ಇದೆ, ಬಹಳ ಇದೆ. ಮಸಿ ಎಂದರೆ ಬರೀ ಪುಡಿಯಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಹಿಗ್ಗಿಸಿದರೆ ಅದು ಮಣಿಸರ. ಒಂದು ಮಿಲಿಮೀಟರನ್ನು ಲಕ್ಷ ಪಾಲು ಮಾಡಿ ಎರಡು ಮೂರು ಪಾಲು ತೆಗೆದುಕೊಂಡರೆ ಒಂದು ಮಣಿಯಾಯಿತು. ಇನ್ನೂ ಹಿಗ್ಗಿಸಿದರೆ ಮಣಿಯ ಒಳಗೆ ಗೆರೆಗಳು ಕಾಣುತ್ತವೆ, ಈರುಳ್ಳಿಯನ್ನು ಅಡ್ಡ ಕೊಯ್ದ ಹಾಗೆ, ಪದರದ ಸುತ್ತ ಪದರ. ಗೆರೆ ಎಷ್ಟು ಉದ್ದ, ಎಷ್ಟು ಡೊಂಕು, ಎರಡರ ನಡುವೆ ಎಷ್ಟು ಸಂದು, ಇದನ್ನು ಅಳೆಯುವುದು ನನ್ನ ಕೆಲಸ. ಗೆರೆಗಳು ಉದ್ದವಾಗಿ ಒತ್ತೊತ್ತಾಗಿದ್ದರೆ ಆ ಮಸಿ ತಣ್ಣಗಿನ ಸ್ವಭಾವದ್ದು, ಯಾರ ತಂಟೆಗೂ ಬೇಗ ಹೋಗುವುದಿಲ್ಲ. ತುಂಡು ತುಂಡಾಗಿ ಗೋಜಲಾಗಿದ್ದರೆ ಚುರುಕಿನದು. ಅಂಥದ್ದು ಎದೆಯೊಳಗೆ ಹೋಗಿ ಕೂತರೆ ಸುಮ್ಮನೆ ಕೂರುವುದಿಲ್ಲ.

ಯಂತ್ರ ಇರುವುದು ಬೆಂಗಳೂರಿನಲ್ಲಿ. ಅರ್ಜಿ ಹಾಕಿ ಆರು ತಿಂಗಳು ಕಾದರೆ ಅರ್ಧ ದಿನ ಸಿಗುತ್ತದೆ. ಚಿತ್ರಗಳನ್ನು ಸಿ.ಡಿ.ಯಲ್ಲಿ ತುಂಬಿಸಿಕೊಂಡು ಬಂದು ಮನೆಯ ಹಳೆಯ ಕಂಪ್ಯೂಟರಿಗೆ ಹಾಕುವುದು, ಮಬ್ಬು ತೆಗೆಯುವುದು, ಯಾವುದು ಗೆರೆ ಯಾವುದು ನೆರಳು ಎಂದು ಒಂದು ಮಿತಿ ಗೊತ್ತುಮಾಡುವುದು, ಗೆರೆಗಳನ್ನು ನೂಲಿನಷ್ಟು ತೆಳ್ಳಗೆ ಸವೆಸುವುದು, ಒಂದಕ್ಕೊಂದು ಅಂಟಿಕೊಂಡಲ್ಲಿ ಬಿಡಿಸಿ, ಒಂದೊಂದನ್ನೂ ಅಳೆಯುವುದು. ಒಂದು ಮಾದರಿಗೆ ನಲವತ್ತು ಚಿತ್ರ, ಒಂದು ಚಿತ್ರದಲ್ಲಿ ಮುನ್ನೂರು ಗೆರೆ. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿಂದ. ಕಣ್ಣು ಮುಚ್ಚಿದರೂ ಗೆರೆ, ತಂಬುಳಿಯಲ್ಲೂ ಗೆರೆ. ನನಗೆ ಸುಸ್ತಾಗಿತ್ತು. ಸುಸ್ತಿನ ಮೇಲೆ ಸುಸ್ತು.

ಆ ಸುಸ್ತಿನಲ್ಲೇ ಎಡವಟ್ಟು ಶುರುವಾದದ್ದು, ಎರಡು ವರ್ಷ ಹಿಂದೆ. ಹತ್ತು ಮನೆಗಳ ಒಲೆ ಮಸಿ ಬೇಕಿತ್ತು. ಕಾಲೇಜಿನಲ್ಲಿ ತಪಾಸಣೆಯವರು ಬರುವ ಗಲಾಟೆ, ರಜೆ ಇಲ್ಲ. "ನಾನ್ ತರ್ತೆ, ಎಲ್ಲ ನಮ್ಮವೇ ಮನಿ ಅಲ್ದಾ" ಎಂದಳು ಅಮ್ಮ. ಅಮ್ಮ ಅಂದರೆ ಸುಗಂಧಿ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಅವಳಿಗೆ ಪರಿಚಯವಿಲ್ಲದ ಅಡುಗೆಮನೆ ಇಲ್ಲ. ನಾನು ಹತ್ತು ಗಾಜಿನ ಕುಪ್ಪಿಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ಕೊಟ್ಟೆ. ಕೊಡುವಾಗ ಹೇಳಿದೆ: "ಕಾಣ್ ಅಮ್ಮ, ಶುದ್ಧ ಮಸಿ ಬೇಕ್. ಬೇರೆ ಎಂತದೂ ಸೇರೂಕಾಗ."

ಶುದ್ಧ. ಆ ಒಂದು ಶಬ್ದ ನೆನಪಿಟ್ಟುಕೊಳ್ಳಿ.

ಅಮ್ಮ ನಾಲ್ಕು ದಿನ ಬಸ್ಸಿನಲ್ಲಿ ತಿರುಗಿದಳು, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು. ಕಾಶಿಗೆ ಹೋಗಿ ಬಂದವರ ಗತ್ತಿನಲ್ಲಿ ಹಿಂದಿರುಗಿ ಬಂದಳು. ಹತ್ತು ಕುಪ್ಪಿಗಳಲ್ಲೂ ಕಪ್ಪು ರೇಷ್ಮೆಯಂಥ ನುಣ್ಣನೆಯ ಮಸಿ. ನಾನು ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಪ್ರಬಂಧದಲ್ಲಿ ಮಾತ್ರ 'ಮಾದರಿಗಳನ್ನು ಲೇಖಕಿಯೇ ಸಂಗ್ರಹಿಸಿದ್ದಾರೆ' ಎಂದು ಬರೆದೆ. ಎಲ್ಲರೂ ಹಾಗೆಯೇ ಬರೆಯುತ್ತಾರೆ.

ಹನ್ನೊಂದನೆಯದೊಂದನ್ನು ಮಾತ್ರ ನಾನೇ ತಂದಿದ್ದೆ, ಅದೂ ಕದ್ದುಮುಚ್ಚಿ. ಶಿರೂರಿನ ಅಪ್ಪಿ ಚಿಕ್ಕಿಯ ಮನೆಯದು. ಅಪ್ಪಿ ಚಿಕ್ಕಿ ಅಮ್ಮನ ಒಡಹುಟ್ಟಿದ ತಂಗಿ. ತೊಂಬತ್ತೇಳರಲ್ಲಿ ನಮ್ಮ ಮನೆಯ ಒಂದು ಮದುವೆಯಲ್ಲಿ ಅಮ್ಮ ಅಕ್ಕಿ ಬೆಲ್ಲ ಕಾಸಿ ಮಾಡಿದ ಹಾಲುಬಾಯಿಯನ್ನು ಬಾಯಿಗಿಟ್ಟು, ಪಂಕ್ತಿಯಲ್ಲಿ ಕೂತವರಿಗೆಲ್ಲ ಕೇಳುವ ಹಾಗೆ, "ಅಕ್ಕ, ಇದ್ ಹೊಗಿ ವಾಸ್ನಿ" ಎಂದಿದ್ದಳು. ಅಲ್ಲಿಗೆ ಮುಗಿಯಿತು. ಹದಿಮೂರು ವರ್ಷ ಅಕ್ಕತಂಗಿಯರಿಗೆ ಮಾತಿಲ್ಲ, ಕತೆಯಿಲ್ಲ. ಪರೀಕ್ಷೆ ಕೆಲಸಕ್ಕೆ ಬೈಂದೂರಿಗೆ ಹೋದ ದಿನ ನಾನು ಮನೆಯಲ್ಲಿ ಹೇಳದೆ ಶಿರೂರಿಗೆ ಹೋಗಿದ್ದೆ. ಚಿಕ್ಕಿ ಮೀನು ಕೊಯ್ಯುತ್ತಿದ್ದಳು. "ನಂಗ್ ಪುರ್ಸೊತ್ತಿಲ್ಲೆ. ಎಷ್ಟ್ ಬೇಕೋ ಕೆರ್ಕಂಡ್ ಹೋಗ್" ಎಂದಳು. ಒಲೆಯ ಮೇಲಿನ ತೊಲೆಯಿಂದ ಜೋತುಬಿದ್ದ ಇಲ್ಲಣವನ್ನು, ಬಲೆಗೆ ಹಿಡಿದ ಹೊಗೆ ಮಸಿಯನ್ನು, ನಾನೇ ಕೆರೆದುಕೊಂಡು ಬಂದೆ.

ಯಂತ್ರಕ್ಕೆ ಹಾಕಿದರೆ ಅಮ್ಮ ತಂದ ಹತ್ತೂ ಒಡಹುಟ್ಟಿದವರ ಹಾಗೆ. ಉದ್ದ ಗೆರೆ, ಅಚ್ಚುಕಟ್ಟಾದ ಸುತ್ತು, ಲೆಕ್ಕದಲ್ಲಿ ಕೂದಲೆಳೆಯ ಹೆಚ್ಚುಕಮ್ಮಿ. ಶಿರೂರಿನದು ಮಾತ್ರ ಗೋಜಲು. ಗೆರೆಗಳೆಲ್ಲ ಗಿಡ್ಡ, ಸೊಟ್ಟ. ಕೆಲವೆಡೆ ಗೆರೆಯೇ ಇಲ್ಲ, ಡಾಂಬರಿನ ಮುದ್ದೆ. "ಅದನ್ನು ನೀವು ಕೈಯಾರೆ ಹಾಳು ಮಾಡಿದ್ದೀರಿ" ಎಂದರು ಗೈಡ್ ಚಂದಯ್ಯ ಸರ್. ನಾನೂ ಹಾಗೇ ಅಂದುಕೊಂಡೆ. ಹತ್ತನ್ನು ನಂಬಿ ಒಂದು ವಿಜ್ಞಾನ ನಿಯತಕಾಲಿಕಕ್ಕೆ ಪ್ರಬಂಧ ಬರೆದೆವು: ಕರಾವಳಿಯ ಒಲೆಯ ಮಸಿ ನಿರೀಕ್ಷೆಗಿಂತ ಕ್ರಮಬದ್ಧ, ಹಾಗಾಗಿ ಹಾನಿ ಕಡಿಮೆ ಇರಬಹುದು. 'ಇರಬಹುದು' ಎಂಬುದು ದಿನಪತ್ರಿಕೆಗೆ ಬರುವಾಗ ಉದುರಿಹೋಯಿತು. ಅಮ್ಮನಿಗೆ ಗೋಡೆಗೆ ಅಂಟಿಸಲು ಅಷ್ಟು ಸಾಕಾಯಿತು.

ಈ ನವೆಂಬರಿನಲ್ಲಿ ಸರ್ ಗಡಿಬಿಡಿ ಶುರುಮಾಡಿದರು. ಮಾರ್ಚಿಗೆ ಅವರ ನಿವೃತ್ತಿ, ಮಾರ್ಚಿಗೇ ನನ್ನ ನೋಂದಣಿಯ ಅವಧಿಯೂ ಮುಗಿಯುವುದು. "ಶಿರೂರಿನದ್ದು ಇನ್ನೊಂದ್ಸಲ ತಂದು ಕಾಣಿ. ಜೊತೆಗೆ ಹತ್ತರಲ್ಲಿ ಯಾವುದಾದರೂ ಒಂದು ಮನೆಯದ್ದನ್ನೂ ತನ್ನಿ, ಹೋಲಿಸುವುದಕ್ಕೆ. ಮತ್ತೂ ಹೊಂದದಿದ್ದರೆ ಥೀಸಿಸ್ಸಿನಲ್ಲಿ ಶಿರೂರನ್ನು ಬಿಟ್ಟುಬಿಡುವ" ಎಂದರು.

ಹಾಗೆ ಒಂದು ಶನಿವಾರ ಮಧ್ಯಾಹ್ನ ಬೈಂದೂರಿನಲ್ಲಿ ಇಳಿದೆ. ರೈಲು ಸ್ಟೇಷನ್ನಿನ ದಾರಿಯಲ್ಲಿ ನನ್ನ ಸೋದರತ್ತೆ ಬಾಗಿಯ ಮನೆ. ಮೊದಲು ಅಲ್ಲಿ, ಆಮೇಲೆ ಶಿರೂರು ಎಂದು ಲೆಕ್ಕ ಹಾಕಿದ್ದೆ.

"ಹ್ವಾಯ್, ಕಂಡ್ರ್ಯಾ? ನಮ್ ವಿನಯಾ ಬಂತ್!" ಎಂದು ಅತ್ತೆ ಒಳಗಿದ್ದ ಮಾವನಿಗೆ ಕೂಗಿ ಹೇಳಿದಳು. "ಬಾ ಹೆಣೆ, ಕೂಕೋ. ಎಂತ ಇಷ್ಟ್ ಸೊರಗಿದ್ದ್?"

"ಅತ್ತೆ, ಇನ್ನೊಂದ್ ಚೂರ್ ಮಸಿ ಬೇಕಿತ್ತ್."

"ಅಯ್ಯೋ ಮಾರಾಯ್ತಿ, ಮೊದ್ಲೇ ಒಂದ್ ಫೋನ್ ಮಾಡೂಕಾಗ್ದಾ? ಅರ್ಧ ಗಂಟಿ ಆತ್ತಲೆ." ಅತ್ತೆ ಸೆರಗು ಸಿಕ್ಕಿಸಿಕೊಂಡು ಎದ್ದೇಬಿಟ್ಟಳು. "ಹೋದ್ ಸಲ ಹರಳೆಣ್ಣಿ ಇತ್ತ್. ಈಗ ಇಲ್ಲೆ. ತೆಂಗಿನೆಣ್ಣಿ ಅಡ್ಡಿ ಇಲ್ಯಾ?"

"ಎಣ್ಣಿ ಎಂತಕೆ ಅತ್ತೆ?"

ಅವಳು ಅಷ್ಟರಲ್ಲಿ ಹಿತ್ತಾಳೆಯ ಹರಿವಾಣವನ್ನು ಹುಣಸೆಹುಳಿ ಹಾಕಿ ತಿಕ್ಕುತ್ತಿದ್ದಳು. ತಿಕ್ಕಿ, ತೊಳೆದು, ಬಿಳಿ ಬಟ್ಟೆಯಲ್ಲಿ ಒರೆಸಿದಳು. ಜಗಲಿಯ ಮೂಲೆಯಲ್ಲಿ ಎರಡು ಇಟ್ಟಿಗೆ ಇಟ್ಟು, ನಡುವೆ ದೀಪ ಹಚ್ಚಿ, ಹರಿವಾಣವನ್ನು ಅದರ ಮೇಲೆ ಬೋರಲು ಹಾಕಿದಳು. ಹೊಸ ಹತ್ತಿಯ ಬತ್ತಿ. ಉರಿ ಅಲುಗದೆ ನೆಟ್ಟಗೆ ನಿಂತಿತ್ತು.

ಮಗುವಿನ ಕಣ್ಣಿಗೆ ಕಾಡಿಗೆ ಮಾಡುವ ಕ್ರಮ ಅದು. ನಮ್ಮಲ್ಲಿ ಯಾವ ಹೆಂಗಸಿಗೆ ಗೊತ್ತಿಲ್ಲ?

"ಅತ್ತೆ," ಎಂದೆ. "ಹೋದ ಸಲ ಕೊಟ್ಟದ್ದೂ ಇದೇಯಾ?"

"ಮತ್ತೆಂತ? ಹೋದ್ ಸಲ ಮಿಂದ್ಕಂಡ್ ಮಾಡಿದ್ದೆ. ಈಗ ಊಟ ಆಯ್ತ್, ಅದೊಂದ್ ಕಡಿಮಿ. ನಿನ್ನಮ್ಮ ಫೋನ್ ಮಾಡಿ ಎಲ್ಲರಿಗೂ ಹೇಳಿದ್ಲಲೆ, 'ಹೆಣ್ಣಿಗ್ ಶುದ್ಧ ಮಸಿ ಬೇಕಂಬ್ರ್. ಒಲಿ ಮಸಿ ಕೊಟ್ಟ್ ನಮ್ ಮರ್ಯಾದಿ ತೆಗಿಬೇಡಿ, ಅದ್ರಗೆ ಜೇಡ, ಹಲ್ಲಿ ಹಿಕ್ಕಿ ಎಲ್ಲ ಇರತ್ತ್. ದೊಡ್ ದೊಡ್ಡೋರ್ ಮಿಷನ್ನಗೆ ಹಾಕಿ ಕಾಂಬುದಂಬ್ರ್' ಅಂತ."

"ಹತ್ತ್ ಮನಿಯವ್ರೂ ಹೀಂಗೇ ಮಾಡಿದ್ದಾ?"

"ಹೌದ್. ಬ್ರಹ್ಮಾವರದ ಗೋಪಿ ತುಪ್ಪದ್ ದೀಪ ಹಚ್ಚಿದ್ಲಂಬ್ರ್, ಅವಳಿಗ್ ಎಲ್ಲದ್ರಗೂ ಮೇಲಾಟ್ಕೆ. ನಾನ್ ಒಲಿ ಮೇಲಿನ್ ಇಲ್ಲಣ ಪೂರಾ ಗುಡ್ಸಿ ಹಾಕ್ದೆ. ನೀನೇ ಬಂದ್ರೂ ಬಪ್ದಲ್ದಾ, ಅಡ್ಗಿಮನಿ ಚಂದ ಕಾಣ್ಕಲೆ. ಮಸಿ ಉಳ್ದದ್ದ್ ಮೊಮ್ಮಗಳ್ ಕಣ್ಣಿಗ್ ಹಚ್ದೆ. ಕಣ್ಣ್ ಎಷ್ಟ್ ಚಂದ ಕಾಂತಿತ್ತ್ ಗೊತ್ತಿತ್ತಾ?"

ನನಗೆ ನಗು ಬಂತು. ಬಂದದ್ದು ನಿಲ್ಲಲಿಲ್ಲ. ಅತ್ತೆಯೂ ನಕ್ಕಳು, ಯಾಕೆಂದು ಗೊತ್ತಿಲ್ಲದಿದ್ದರೂ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎಂದು ಗಾದೆ ಕೇಳಿದ್ದೆ. ನಮ್ಮ ಹತ್ತು ಮನೆಯವರು ಮಿಂದು ಮಡಿಯುಟ್ಟು ಕಾಡಿಗೆ ಮಾಡಿದ್ದರು. ನಾನು ಅದನ್ನು ಒಲೆಯ ಹೊಗೆ ಎಂದು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ್ದೆ. ನಗು ಮುಗಿದ ಮೇಲೆ ನೋಡಿದರೆ ಕಣ್ಣಲ್ಲಿ ನೀರಿತ್ತು. ಅತ್ತೆ ಕೊಟ್ಟ ಚಾ ಕುಡಿದೆ, ಅತ್ತೆ ಕೊಟ್ಟ ಕುಪ್ಪಿಯನ್ನೂ ಬ್ಯಾಗಿಗೆ ಹಾಕಿಕೊಂಡೆ. ಬೇಡ ಎಂದರೆ ಅವಳಿಗೆ ಬೇಜಾರಾಗುತ್ತಿತ್ತು.

ಶಿರೂರಿಗೆ ಹೋಗುವ ಅಗತ್ಯ ಇನ್ನಿರಲಿಲ್ಲ. ಹನ್ನೊಂದರಲ್ಲಿ ಒಂದೇ ಒಂದು ನಿಜವಾದ ಒಲೆಯ ಮಸಿ, ಅದೂ ಅಮ್ಮ ಫೋನ್ ಮಾಡದ ಮನೆಯದು. ಆ ಗೋಜಲೇ ಸತ್ಯ. ಅದನ್ನೇ ಅಮ್ಮ ನಲವತ್ತೈದು ವರ್ಷಗಳಿಂದ ದಿನಕ್ಕೆ ಮೂರು ಹೊತ್ತು ಎದೆಗೆ ಎಳೆದುಕೊಳ್ಳುತ್ತಿರುವುದು.

ಮರುದಿನ ಭಾನುವಾರ ಬ್ರಹ್ಮಾವರದಲ್ಲಿ ಚಂದಯ್ಯ ಸರ್ ಮನೆಯ ಚಾವಡಿಯಲ್ಲಿ ಕೂತು ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. ಬಹಳ ಹೊತ್ತು ಒರೆಸಿದರು.

"ಕಾಣಿ ವಿನಯಾ," ಎಂದರು. "ಯಾರೂ ಬಂದು ನಿಮ್ಮತ್ತೆಯ ಒಲಿ ಬಗ್ಗಿ ಕಾಂಬುದಿಲ್ಲೆ. ಇದು ನಿಮಗೆ ಗೊತ್ತು, ನನಗೆ ಗೊತ್ತು, ಅಷ್ಟೆ."

"ಬಾಗಿ ಅತ್ತೆಗೂ ಗೊತ್ತು ಸರ್."

"ತಮಾಷೆ ಅಲ್ಲ. ಪ್ರಬಂಧ ಹಿಂದಕ್ಕೆ ತಗೊಂಡರೆ ನಿಮ್ಮ ನೋಂದಣಿ ಹೋಯಿತು. ಹೊಸ ಗೈಡ್, ಹೊಸ ಮಾದರಿ, ಇನ್ನೂ ನಾಲ್ಕು ವರ್ಷ. ಅದರಲ್ಲಿ ನನ್ನ ಹೆಸರೂ ಉಂಟು. ಮೂವತ್ತನಾಲ್ಕು ವರ್ಷ ಸರ್ವಿಸ್ ಮಾಡಿ, ಹೋಗುವ ಹೊತ್ತಿಗೆ ಮುಖಕ್ಕೆ ಮಸಿ." ತಾವು ಆಡಿದ ಮಾತು ತಮಗೇ ಕೇಳಿಸಿ ಅವರು ಕನ್ನಡಕ ಹಾಕಿಕೊಂಡರು. ಆಮೇಲೆ ತಗ್ಗಿದ ದನಿಯಲ್ಲಿ, "ನಾನು ಹೀಗೇ ಮಾಡಿ ಅನ್ನುವುದಿಲ್ಲ. ಶಿರೂರನ್ನು ಬಿಟ್ಟರೆ ಮಾರ್ಚಿಗೆ ನೀವು ಡಾಕ್ಟರ್ ವಿನಯಾ. ಬಿಡದಿದ್ದರೆ ನಾನು ಅಡ್ಡ ಬರುವುದಿಲ್ಲ. ಯೋಚನೆ ಮಾಡಿ" ಎಂದರು.

ಕೆಟ್ಟ ಮನುಷ್ಯ ಅಲ್ಲ ಅವರು. ಅವರಿಗೂ ಸುಸ್ತು.

ನಿಜ ಹೇಳುತ್ತೇನೆ, ಗುಲ್ವಾಡಿ ಮುಟ್ಟುವಷ್ಟರಲ್ಲಿ ನಾನು ಹೆಚ್ಚುಕಮ್ಮಿ ಒಪ್ಪಿಬಿಟ್ಟಿದ್ದೆ. ಒಂದು ಕುಪ್ಪಿ ಬಿಟ್ಟರೆ ಯಾರ ಮನೆ ಹಾಳಾಗುತ್ತದೆ? ಲೋಕದಲ್ಲಿ ಎಷ್ಟು ಪ್ರಬಂಧಗಳು ಯಾರೂ ಓದದೆ ಕೊಳೆಯುವುದಿಲ್ಲ? ನನಗೆ ಇನ್ನು ಗೆರೆ ಎಣಿಸಲು ಆಗುವುದಿಲ್ಲ ದೇವರೇ, ಸಾಕು ಎಂದು ಮನಸ್ಸಿನಲ್ಲೇ ಹೇಳಿಕೊಂಡು ಮೆಟ್ಟಿಲು ಹತ್ತಿದೆ.

ಒಳಗೆ ಅಮ್ಮ ಕೆಮ್ಮುತ್ತಿದ್ದಳು. ಮೂರನೆಯ ಸುತ್ತು. ಬಚ್ಚಲೊಲೆ ಹೊತ್ತಿಸಿ, ಅಡುಗೆಮನೆಗೆ ಬಂದು, ಗೋಡೆಗೆ ಕೈ ಕೊಟ್ಟು ನಿಂತು ಕೆಮ್ಮುತ್ತಿದ್ದಳು. ಕೈ ಕೊಟ್ಟದ್ದು ನನ್ನ ಫೋಟೊದ ಪಕ್ಕದಲ್ಲೇ. ನಾನು ಬಾಯಿ ತೆರೆಯುವ ಮೊದಲೇ, ಉಸಿರು ಸಿಗದಿದ್ದರೂ, ಬೆರಳು ಎತ್ತಿ ಆ ತುಣುಕನ್ನು ತೋರಿಸಿದಳು.

ನನಗೆ ಎಲ್ಲಿತ್ತೋ ಸಿಟ್ಟು. "ಅದ್ ಸುಳ್ಳ್ ಅಮ್ಮ!" ಎಂದು ಕಿರುಚಿದೆ. "ನಾನ್ ಬರ್ದದ್ ಸುಳ್ಳ್! ಒಲಿ ಮಸಿ ಕೇಳ್ರೆ ನೀವೆಲ್ಲ ಸೇರಿ ಕಾಡ್ಗಿ ಮಾಡಿ ಕೊಟ್ರಿ!"

ಅಮ್ಮ ಕಣ್ಣೊರೆಸಿಕೊಂಡಳು. "ನೀನೇ ಅಲ್ದಾ ಶುದ್ಧ ಅಂದದ್ದ್?"

"ಹೌದ್. ನಾನೇ" ಎಂದೆ. ಕುಕ್ಕರಗಾಲಿನಲ್ಲಿ ಕೂತು ಎಲ್ಲ ಹೇಳಿದೆ. ದೀಪದ ಮಸಿ ಬೇರೆ ಜಾತಿ, ಒಲೆಯದ್ದು ಬೇರೆ. ಅವಳು ದಿನಾ ಉಸಿರಾಡುವುದು ಆ ನುಣ್ಣನೆಯ ಮಸಿಯಲ್ಲ. ಗೋಜಲು ಮಸಿ ಸಿಕ್ಕಿದ್ದು ಒಂದೇ ಮನೆಯಲ್ಲಿ.

"ಯಾರ್ ಮನ್ಯಗೆ?"

"ಅಪ್ಪಿ ಚಿಕ್ಕಿ ಮನ್ಯಗೆ."

ಅಮ್ಮನ ಮುಖ ಕೆಂಪಾಯಿತು. "ನೀನ್ ಅವಳ್ ಮನಿಗ್ ಹೋಯಿದ್ಯಾ? ನಂಗ್ ಹೇಳ್ದೆ?" ನಾನು ತಲೆ ತಗ್ಗಿಸಿದೆ. "ಅಂದ್ರೆ ಅವಳ್ ಕೊಟ್ಟ ಮಸಿ ಸಮಾ, ನಾನ್ ನಾಕ್ ದಿನ ಬಸ್ಸಗೆ ತಿರ್ಗಿ ತಂದದ್ ತಪ್ಪಾ?"

"ಹೌದ್ ಅಮ್ಮ. ನೀನ್ ತಂದದ್ದ್ ಅಂತ್ಲೂ ನಾನ್ ಬರೀಲಿಲ್ಲೆ. ನಾನೇ ತಂದದ್ ಅಂತ ಬರ್ದಿದ್ದೆ. ಅದೂ ಸುಳ್ಳ್."

ಇದು ಅವಳಿಗೆ ಎಲ್ಲದಕ್ಕಿಂತ ಹೆಚ್ಚು ತಾಗಿತು. ನನಗೆ ಕಂಡಿತು. ಗೋಡೆಯ ಕಡೆ ತಿರುಗಿ, ತುಣುಕಿನ ಅಂಚಿಗೆ ಉಗುರು ಹಾಕಿದಳು. ಗಂಜಿ ಅಂಟು ಒಣಗಿತ್ತು. ಕಾಗದ ಮೇಲಿನಿಂದ ಕೆಳಗೆ ಒಂದೇ ಸಲಕ್ಕೆ ಎದ್ದು ಬಂತು.

ಅದರ ಹಿಂದೆ ಗೋಡೆ ಬೆಳ್ಳಗಿತ್ತು. ಹೋದ ವರ್ಷ ಬಳಿದ ಸುಣ್ಣ ಬಳಿದ ಹಾಗೇ ಇತ್ತು, ಅಂಗೈ ಅಗಲದ ಒಂದು ಚೌಕ. ಸುತ್ತಲಿನ ಗೋಡೆ ಪೂರಾ ಕಪ್ಪು. ದಿನಾ ನೋಡುವ ಗೋಡೆ, ಅಷ್ಟು ಕಪ್ಪು ಎಂದು ನಮ್ಮಿಬ್ಬರಿಗೂ ಗೊತ್ತೇ ಇರಲಿಲ್ಲ.

ಅಮ್ಮ ಆ ಬಿಳಿ ಚೌಕವನ್ನು ನೋಡಿದಳು, ಸುತ್ತಲಿನ ಕಪ್ಪನ್ನು ನೋಡಿದಳು. ಒಂದು ವರ್ಷದ್ದು ಅದು. ನಿಧಾನಕ್ಕೆ ಕೈಯನ್ನು ಎದೆಯ ಮೇಲೆ ಇಟ್ಟುಕೊಂಡಳು.

"ಒಳ್ಗೂ ಹೀಂಗೇ ಇರತ್ತಾ ಮಗಾ?"

ಇಷ್ಟು ವರ್ಷದ ನನ್ನ ಓದಿನಲ್ಲಿ ಯಾರೂ ನನ್ನನ್ನು ಇದಕ್ಕಿಂತ ಸರಿಯಾದ ಪ್ರಶ್ನೆ ಕೇಳಿರಲಿಲ್ಲ. ಸಮಾಧಾನಕ್ಕೆ ಒಂದು ಸುಳ್ಳು ಹೇಳಬಹುದಿತ್ತು. ಆದರೆ ಸುಳ್ಳು ಸಾಕಾಗಿತ್ತು.

"ಇರತ್ತ್ ಅಮ್ಮ," ಎಂದೆ. ನನಗೆ ಅಳು ಬಂತು. ಅವಳು ಅಳಲಿಲ್ಲ.

"ಆ ಕುಪ್ಪಿ ಇನ್ನೊಂದ್ ಇತ್ತಾ?" ಎಂದು ಕೇಳಿದಳು. ಬ್ಯಾಗಿನಲ್ಲಿ ಶಿರೂರಿಗೆಂದು ಒಯ್ದ ಖಾಲಿ ಕುಪ್ಪಿ ಹಾಗೇ ಇತ್ತು. ನಾನೇ ಕೆರೆಯುತ್ತೇನೆ ಎಂದರೆ ಕೇಳಲಿಲ್ಲ, ಸ್ಟೂಲು ಎಳೆದುಕೊಂಡು ಹತ್ತಿದಳು. ಒಲೆಯ ಮೇಲಿನ ತೊಲೆಗೆ ಎರಡು ವರ್ಷದ ಇಲ್ಲಣ ಜೋತುಬಿದ್ದಿತ್ತು. ಚಾಕುವಿನಲ್ಲಿ ಕೆರೆದು, ಬಲೆ, ಸತ್ತ ಜೇಡ, ಧೂಳು, ಇದ್ದದ್ದನ್ನೆಲ್ಲ ಕುಪ್ಪಿಗೆ ತುಂಬಿದಳು. ಒಂದು ಕೈಯಲ್ಲಿ ಸೆರಗನ್ನು ಮೂಗಿಗೆ ಒತ್ತಿಕೊಂಡಿದ್ದಳು. ಹಾಗೆ ಒತ್ತಿಕೊಂಡದ್ದನ್ನು ನಾನು ಕಂಡದ್ದು ಅದೇ ಮೊದಲು.

ಇಳಿದು ಬಂದು ಕುಪ್ಪಿಯನ್ನು ನನ್ನ ಕೈಯಲ್ಲಿಟ್ಟಳು.

"ತಕೋ. ಇದ್ರಗೆ ಶುದ್ಧದ್ ಎಂತದೂ ಇಲ್ಲೆ," ಎಂದಳು. "ಈ ಸಲ ತೆಗ್ದದ್ ಯಾರ್ ಅಂತ ಸಮಾ ಬರಿ."